ಮಾತು ಹೊರಳುವ ಮನೆ

ನನ್ನ ತವರುಮನೆಯ ಊಟದ ಮೇಜಿಗೆ ಒಂದು ಕಾಯಿಲೆ ಇತ್ತು. ನನ್ನ ಗಂಡ ಇವಾನೊ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಅಷ್ಟು ಹೊತ್ತು ಜರ್ಮನ್‌ನಲ್ಲಿ ಓಡುತ್ತಿದ್ದ ಮಾತು ಗಕ್ಕನೆ ಇಟಾಲಿಯನ್‌ಗೆ ಹೊರಳಿಬಿಡುತ್ತಿತ್ತು. ಹಸುವಿನ ಕೆಚ್ಚಲು ಬಾತುಕೊಂಡ ಕಥೆ ಹೇಳುತ್ತಿದ್ದ ಅಮ್ಮ ಅರ್ಧಕ್ಕೇ ನಿಲ್ಲಿಸಿ, ಉಳಿದರ್ಧವನ್ನು ಬೇರೆ ಭಾಷೆಯಲ್ಲಿ ತಡಕಾಡುತ್ತಿದ್ದಳು. ಕೆಚ್ಚಲಿಗೆ ಇಟಾಲಿಯನ್‌ನಲ್ಲಿ ಏನನ್ನುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಹಾಗಾಗಿ ಹಸುವಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆಮೇಲೆ ಎಲ್ಲರೂ ಸೇರಿ ಇವತ್ತು ಚಳಿ ಜಾಸ್ತಿ ಎಂದು ಒಪ್ಪಿಕೊಳ್ಳುತ್ತಿದ್ದೆವು.

ಇದು ನಮ್ಮ ಕಡೆಯ ಮರ್ಯಾದೆ. ನಾನು ಇಟಾಲಿಯನ್, ಜರ್ಮನ್ ಎರಡೂ ನಡೆಯುವ ಗಡಿನಾಡಿನ ಬೊಲ್ಜಾನೊ ಪೇಟೆಯಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಅದೇ ಪೇಟೆಗೆ ನನ್ನ ತವರಿನವರು ಬೋಟ್ಸೆನ್ ಎನ್ನುತ್ತಾರೆ. ಗಿರಾಕಿ ಬಾಗಿಲು ತಳ್ಳುವ ರೀತಿ ನೋಡಿಯೇ ಯಾವ ಭಾಷೆಯಲ್ಲಿ ನಮಸ್ಕಾರ ಹೇಳಬೇಕೆಂದು ನನಗೆ ತಿಳಿದುಬಿಡುತ್ತದೆ. ಎದುರಿನವರು ಇಟಾಲಿಯನ್ ಎಂದಾದರೆ ಮಾತು ಹೊರಳಿಸಬೇಕು. ಹೊರಳಿಸದವನು ಒರಟ. ಮನೆಗೆ ಬಂದ ನೆಂಟನಿಗೆ ಕುರ್ಚಿ ಕೊಟ್ಟಂತೆ ಇದು. ಸರಿಯೇ, ಆದರೆ ಎಂಟು ವರ್ಷದಿಂದ ಅಳಿಯನಾಗಿರುವವನಿಗೂ ಬಂದಾಗಲೆಲ್ಲ ಎದ್ದು ಕುರ್ಚಿ ಕೊಡುತ್ತಿದ್ದರೆ, ಅವನು ತಾನೇ ಕುರ್ಚಿ ಎಳೆದುಕೊಂಡು ಕೂರುವುದು ಯಾವಾಗ?

ಇವಾನೊ ಲಿಫ್ಟ್ ರಿಪೇರಿ ಮಾಡುವವನು. ಪೇಟೆಯಲ್ಲೇ ಹುಟ್ಟಿ ಬೆಳೆದವನು. ಅವನ ಕೇರಿಯಲ್ಲಿ ಜರ್ಮನ್ ಮಾತಾಡುವವರೆಂದರೆ ಶಾಲೆಯ ಜರ್ಮನ್ ಟೀಚರ್ ಒಬ್ಬರೇ, ಅವರೂ ಗಂಟೆ ಹೊಡೆದ ಮೇಲೆ ಇಟಾಲಿಯನ್‌ಗೆ ಬರುತ್ತಿದ್ದರಂತೆ. ನನ್ನ ತವರು ಅಲ್ಲಿಂದ ಅರ್ಧ ಗಂಟೆಯ ಬಸ್ಸಿನ ದಾರಿ, ಸುರಂಗಗಳನ್ನು ದಾಟಿ ಮೇಲೆ ಸಾರ್ನ್ ಕಣಿವೆಯಲ್ಲಿ. ಅಲ್ಲಿನ ಮಾತು ಜರ್ಮನ್ನೇ, ಆದರೆ ಜರ್ಮನಿಯಿಂದ ಬಂದ ಪ್ರವಾಸಿಗರು ಅದನ್ನು ಕೇಳಿದರೆ ಇದು ಯಾವ ದೇಶದ್ದು ಎಂದು ಕೇಳುತ್ತಾರೆ. ಪ್ರೀತಿ ಮಾಡುವಾಗ ನಾವಿಬ್ಬರೂ ಇಟಾಲಿಯನ್‌ನಲ್ಲೇ ಮಾಡಿದೆವು. ಜಗಳವೂ ಅದರಲ್ಲೇ. ಎಲ್ಲ ಸುಸೂತ್ರವಾಗಿಯೇ ಇತ್ತು.

ಕಿಡಿ ಹಚ್ಚಿದವಳು ನಮ್ಮ ಮಗಳು ಅಗ್ನೆಸ್. ಐದು ವರ್ಷದವಳು, ಎರಡೂ ಭಾಷೆಯಲ್ಲಿ ಸುಳ್ಳು ಹೇಳಬಲ್ಲವಳು. ಒಂದು ಭಾನುವಾರ ತವರಿನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಕಾರು ನಿಲ್ಲಿಸಿ ಬಂದ ಇವಾನೊ ಬಾಗಿಲು ತೆಗೆದ. ಅಗ್ನೆಸ್ ತುಟಿಯ ಮೇಲೆ ಬೆರಳಿಟ್ಟು ತಾತನಿಗೆ ಹೇಳಿದಳು:

"ಶ್. ಅಪ್ಪ ಬಂದ. ಹೊರಳಿಸಿ."

ಅವಳು ಹೇಳಿದ್ದು ಕಣಿವೆಯ ಮಾತಿನಲ್ಲಿ. ಆದರೆ ಇವಾನೊಗೆ ಅರ್ಥವಾಗದೆ ಇರಲಿಲ್ಲ. ಇಷ್ಟು ವರ್ಷ ಬಾಗಿಲಾಚೆ ನಿಂತು ಕೇಳಿಸಿಕೊಂಡವನಿಗೆ ಅಷ್ಟು ತಿಳಿಯುವುದಿಲ್ಲವೇ? ಬ್ರೆಡ್ಡಿನುಂಡೆಯ ಸಾರು ಕುಡಿದ, ಅಮ್ಮನ ಕೈಗುಣ ಹೊಗಳಿದ. ವಾಪಸು ಬರುವಾಗ ಸುರಂಗದೊಳಗೆ ಕಾರು ಹೊಕ್ಕ ಮೇಲೆ ಬಾಯಿಬಿಟ್ಟ.

"ಬುರ್ಗಿ, ನನ್ನ ಮಗಳು ನನ್ನನ್ನ ನೆಂಟ ಅಂದ್ಕೊಂಡಿದಾಳೆ."

"ಮಗು ಏನೋ ಅಂತು. ಅದನ್ನೇ ಹಿಡ್ಕೋಬೇಡ."

"ಹಿಡ್ಕೊಳ್ಳಲ್ಲ. ಜರ್ಮನ್ ಕಲೀತೀನಿ. ನಾನು ಬಂದ್ರೆ ಆ ಮೇಜಿನಲ್ಲಿ ಒಬ್ರೂ ಹೊರಳಬಾರದು. ಅಗ್ನೆಸ್ ಅದನ್ನ ನೋಡ್ಬೇಕು."

ಮೊದಲು ಮನೆಯಲ್ಲೇ ಶುರು ಮಾಡಿದೆವು. ರಾತ್ರಿಯ ಊಟದ ಹೊತ್ತಿಗೆ ಜರ್ಮನ್ ಮಾತ್ರ ಎಂದು ಕಟ್ಟಪ್ಪಣೆ. ನಾನು ನನಗೆ ಬರುವ ಕಣಿವೆಯ ಮಾತಿನಲ್ಲೇ ಆರಂಭಿಸಿದೆ. ಇವಾನೊ ಪೆನ್ನು ಹಿಡಿದು ಕೂತಿದ್ದ.

"ಇದನ್ನ ಬರೆಯೋದು ಹೇಗೆ?"

"ಇದನ್ನ ಯಾರೂ ಬರೆಯಲ್ಲ."

"ಬರೆಯಕ್ಕಾಗದೇ ಇರೋ ಭಾಷೆ ಕಲಿಯೋದು ಹೇಗೆ?"

"ನಡೆಯೋದನ್ನೇನು ಬರ್ಕೊಂಡು ಕಲಿತ್ಯಾ ನೀನು?"

ಅಲ್ಲಿಗೆ ಪಾಠ ಮುಗಿದು ಜಗಳ ಶುರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮದು ಉಣ್ಣುವುದಕ್ಕೇ ಬಿಡುತ್ತಿರಲಿಲ್ಲ. ಜಗಳವೂ ಜರ್ಮನ್‌ನಲ್ಲೇ ಆಗಬೇಕು ಎಂದು ನಾನು ಪಟ್ಟುಹಿಡಿದೆ, ಏಕೆಂದರೆ ಹಾಗಾದರೆ ಪ್ರತಿ ಸಲ ನಾನೇ ಗೆಲ್ಲುತ್ತಿದ್ದೆ. ಕೆಲವು ದಿನ ಇಬ್ಬರೂ ಉಪ್ಪಿಗೆ ಬೆರಳು ತೋರಿಸಿಕೊಂಡು ಮೂಗರಂತೆ ಉಂಡೆವು. ಕೊನೆಗೆ ಅವನೇ ಎದ್ದು ಹೋಗಿ ಪೇಟೆಯ ಸಂಜೆ ತರಗತಿಗೆ ಸೇರಿಕೊಂಡ.

ತರಗತಿಯಲ್ಲಿ ನನ್ನ ಗಂಡ ಅರಳಿದ. ಟೀಚರ್ ಫ್ರಾವ್ ಡಿರ್ಕ್ಸೆನ್ ಜರ್ಮನಿಯ ಉತ್ತರದ ಸಮುದ್ರದ ಕಡೆಯವರು. ಪಕ್ಕದ ಬೆಂಚಿನ ನರ್ಸುಗಳೂ ಬಸ್ ಡ್ರೈವರುಗಳೂ ತಡವರಿಸುತ್ತಿದ್ದರೆ ಇವನು ಎದ್ದು ನಿಂತು ಪರಿಸರ ಮಾಲಿನ್ಯದ ಬಗ್ಗೆ ಅಭಿಪ್ರಾಯ ಹೇಳುತ್ತಿದ್ದನಂತೆ. ಹೋಟೆಲ್ಲಿನಲ್ಲಿ ಕೋಣೆ ಕಾಯ್ದಿರಿಸುವುದರಲ್ಲಂತೂ ಅವನನ್ನು ಮೀರಿಸುವವರಿಲ್ಲ. ಮನೆಗೆ ಬಂದು ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತ ಬಾಯಿ ಅಗಲಿಸಿ ಕುಗ್ಗಿಸಿ ಅಭ್ಯಾಸ ಮಾಡುತ್ತಿದ್ದ. ನನಗೆ ನಗು ಬರುತ್ತಿತ್ತು. ಹೆಮ್ಮೆಯೂ ಆಗುತ್ತಿತ್ತು, ಅದನ್ನು ಮಾತ್ರ ಅವನಿಗೆ ಹೇಳಲಿಲ್ಲ.

ಚಳಿಗಾಲ ಕಳೆದು, ಬೇಸಿಗೆಯೂ ಮುಗಿಯುತ್ತ ಬಂದ ಮೇಲೆ ಅವನು ತಯಾರಾದ. ತವರಿನ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತಿದ್ದ ಅಪ್ಪನೆದುರು ನಿಂತು ಗಂಟಲು ಸರಿಮಾಡಿಕೊಂಡ. ನನ್ನ ಅಪ್ಪ ವಿಜಿಲ್ ಕೈಗಳೆರಡೂ ಮರದ ಕೊರಡಿನಂತಿರುವ ಆಸಾಮಿ, ಮಾತು ಕಡಿಮೆ.

"ಮಾನ್ಯ ಮಾವನವರೇ, ತಮ್ಮ ಆರೋಗ್ಯವು ಹೇಗಿದೆ? ಈ ವರ್ಷದ ಹುಲ್ಲಿನ ಕಟಾವು ತೃಪ್ತಿಕರವಾಗಿ ನೆರವೇರಿತೇ?"

ಅಮ್ಮನ ಕೈಯ ಸೌಟು ನಿಂತಿತು. ಅಗ್ನೆಸ್ ತಾತನ ಮುಖ ನೋಡಿದಳು. ಅಪ್ಪ ಅಳಿಯನನ್ನು ಬೂಟಿನಿಂದ ತಲೆಯ ತನಕ ಒಮ್ಮೆ ನೋಡಿ, ಇಟಾಲಿಯನ್‌ನಲ್ಲಿ ಉತ್ತರ ಕೊಟ್ಟರು.

"ಚೆನ್ನಾಗಿದ್ದೀನಿ. ಹುಲ್ಲು ಹಾಜರಿದೆ. ಕೂತ್ಕೊಳ್ಳಿ."

ಅಪ್ಪನ ಇಟಾಲಿಯನ್ ಅಂಥದ್ದು. ಪ್ರಾಯದಲ್ಲಿ ಕಡ್ಡಾಯ ಸೇನೆಗೆ ಎಳೆದೊಯ್ದು ಟೊರಿನೊ ಕಡೆಯ ಬ್ಯಾರಕ್ಕಿನಲ್ಲಿ ಹಾಕಿದಾಗ ಕಲಿತದ್ದು. ಅದರಲ್ಲಿ ಹಾಜರಿ ಇದೆ, ಕಾವಲು ಇದೆ, ಮುನ್ನಡೆ ಇದೆ, ಆಲೂಗಡ್ಡೆ ಸಿಪ್ಪೆ ಇದೆ. ಬೇರೆ ಹೆಚ್ಚೇನೂ ಇಲ್ಲ. ಆವತ್ತಿನಿಂದ ಇಬ್ಬರದೂ ಒಂದು ವಿಚಿತ್ರ ಕುಸ್ತಿ ಶುರುವಾಯಿತು. ಇವಾನೊ ಜರ್ಮನ್‌ನಲ್ಲಿ ಕೇಳುವುದು, ಅಪ್ಪ ಇಟಾಲಿಯನ್‌ನಲ್ಲಿ ಹೇಳುವುದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ತನ್ನ ಭಾಷೆ ಬಿಟ್ಟು ಇನ್ನೊಬ್ಬನ ಭಾಷೆಯಲ್ಲಿ ಎಡವುತ್ತ ಇಬ್ಬರೂ ಬೆವರುತ್ತಿದ್ದರು. ನಡುವೆ ಅಗ್ನೆಸ್ ಕತ್ತು ಆಚೆ ಈಚೆ ತಿರುಗಿಸುತ್ತ ಕೂರುತ್ತಿದ್ದಳು.

ಒಂದು ದಿನ ಕೊಟ್ಟಿಗೆಯಲ್ಲಿ ಅಪ್ಪನನ್ನು ಹಿಡಿದುಕೊಂಡೆ.

"ಅಪ್ಪ, ಅವನು ಅಷ್ಟು ಕಷ್ಟಪಟ್ಟು ಜರ್ಮನ್ ಮಾತಾಡಿದ್ರೆ ನೀನ್ಯಾಕೆ ನಮ್ ಮಾತಲ್ಲಿ ಉತ್ರ ಕೊಡಲ್ಲ?"

ಅಪ್ಪ ಹಸುವಿನ ಬೆನ್ನು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಎಂಟ್ ವರ್ಸ ಆಯ್ತು. ಅವ್ನ್ ಬಂದಾಗೆಲ್ಲ ನಾಲ್ಗೆ ತಿರುಚ್ಕೊಂಡು ಅವನ್ ಭಾಷೆ ಆಡಿವ್ನಿ. ಈಗ ಅವ್ನು ಇಸ್ಕೂಲಿಗ್ ಹೋಗಿ ಜರ್ಮನ್ ಕಲ್ತ್ಕೊಂಡ್ ಬಂದವ್ನೆ. ಅಂದ್ರೇನು? ನನ್ ಇಟಾಲಿಯನ್ ಸಾಲ್ದು ಅಂತ ತಾನೆ?"

ಬ್ಯಾರಕ್ಕಿನಲ್ಲಿ ಅಪ್ಪ ಬಾಯಿ ಬಿಟ್ಟಾಗಲೆಲ್ಲ ಜೊತೆಯವರು ನಗುತ್ತಿದ್ದರೆಂದು ಅಮ್ಮ ಒಮ್ಮೆ ಹೇಳಿದ್ದಳು. ಮನೆಗೆ ಬಂದು ಇವಾನೊಗೆ ಹೇಳಿದರೆ ಅವನು ತಲೆ ಮೇಲೆ ಕೈಹೊತ್ತ.

"ಅಯ್ಯೋ ದೇವ್ರೆ. ನಿಮ್ಮಪ್ಪನ ಇಟಾಲಿಯನ್ ಚೆನ್ನಾಗೇ ಇದೆ ಅಂತ ಹೇಳೇ."

"ನೀನೇ ಹೇಳು."

"ಹೇಗೆ ಹೇಳ್ಲಿ? ಇಟಾಲಿಯನ್ನಲ್ಲಿ ಹೇಳಿದ್ರೆ ನಾನು ಸೋತ ಹಾಗೆ. ಜರ್ಮನ್ನಲ್ಲಿ ಹೇಳಿದ್ರೆ ಅವ್ರಿಗೆ ಅವಮಾನ."

ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಹೀಗೇ ಇರುವಾಗ ಪಕ್ಕದ ಮನೆಯ ಇಗ್ನಾಟ್ಸ್ ಹುಲ್ಲಿನ ಅಟ್ಟದ ಏಣಿಯಿಂದ ಬಿದ್ದು ಹೆಗಲೆಲುಬು ಮುರಿದುಕೊಂಡ.

ಇಗ್ನಾಟ್ಸ್ ಬಿದ್ದದ್ದು ನಮಗೇಕೆ ಮುಖ್ಯವೆಂದರೆ, ಅವನು ಅಪ್ಪನ ವಾಟೆನ್ ಜೋಡಿ. ವಾಟೆನ್ ನಮ್ಮ ಕಡೆಯ ಇಸ್ಪೀಟು. ಇಬ್ಬರ ಎದುರು ಇಬ್ಬರು. ಬೇರೆ ಆಟಗಳಲ್ಲಿ ಜೊತೆಗಾರನಿಗೆ ಸನ್ನೆ ಮಾಡಿದರೆ ಮೋಸ. ಇದರಲ್ಲಿ ಸನ್ನೆ ಮಾಡದಿದ್ದರೆ ದಡ್ಡತನ. ಕಣ್ಣು ಹೊಡೆಯಬಹುದು, ತುಟಿ ಸೊಟ್ಟ ಮಾಡಬಹುದು, ಎದುರಾಳಿಯ ಮುಂದೆಯೇ ಸುಳ್ಳು ಬೊಗಳಬಹುದು. ಬಾಯಿ ಇಲ್ಲದವನಿಗೆ ಈ ಆಟವಿಲ್ಲ. ಪ್ರತಿ ವರ್ಷ ನವೆಂಬರಿನಲ್ಲಿ ಊರಿನ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಪಂದ್ಯ ನಡೆಯುತ್ತದೆ. ಬಹುಮಾನ ಹೊಗೆಗೆ ಕಟ್ಟಿ ಒಣಗಿಸಿದ ಇಡೀ ಹಂದಿ ತೊಡೆ.

"ಈ ಸಲ ಇಲ್ಲ ಬುಡು," ಎಂದರು ಅಪ್ಪ.

"ಅಳಿಯ ಇಲ್ವಾ," ಎಂದಳು ಅಮ್ಮ. ಅವಳ ಹೆಸರು ಫಿಲೊಮೆನಾ, ಮನೆಯಲ್ಲಿ ಅವಳ ಮಾತಿಗೆ ಕೋರ್ಟಿನ ಬೆಲೆ. "ಕರ್ಕೊಂಡ್ ಹೋಗು."

"ವಾಟೆನ್ನು ಇಟಾಲಿಯನ್ನಲ್ಲಿ ಆಡಕ್ಕಾಯ್ತದಾ?"

"ಆಡಿ ನೋಡು. ಆಗ್ದಿದ್ರೆ ಸೋಲು. ಯಾರ್ ಬ್ಯಾಡ ಅಂದ್ರು?"

ವಿಷಯ ಕೇಳಿ ಇವಾನೊಗೆ ಮದುವೆಯ ದಿನಕ್ಕಿಂತ ಹೆಚ್ಚು ಸಂತೋಷವಾಯಿತೆಂದು ನನಗೆ ಅನುಮಾನ. ಭಾನುವಾರಗಳಂದು ಒಲೆಯ ಮುಂದೆ ತಾಲೀಮು ಶುರುವಾಯಿತು. ಎಲೆಗಳ ಬಣ್ಣ, ಬೆಲೆ ಎಲ್ಲ ಬೇಗ ಕಲಿತ. ಆದರೆ ಫ್ರಾವ್ ಡಿರ್ಕ್ಸೆನ್ ಅವನಿಗೆ ಇಸ್ಪೀಟಿನ ಒಂದು ಪದವನ್ನೂ ಕಲಿಸಿರಲಿಲ್ಲ, ಅಪ್ಪನಿಗೆ ಬ್ಯಾರಕ್ಕಿನಲ್ಲೂ ಯಾರೂ ಕಲಿಸಿರಲಿಲ್ಲ. ಒಂದು ದಿನ ನಾನು ಹಿಟ್ಟು ನಾದುತ್ತಿದ್ದೆ. ಅಪ್ಪ ಎಲೆಗಳನ್ನು ಕೆಳಗಿಟ್ಟು, ಸೇನಾಧಿಕಾರಿಯ ಗಾಂಭೀರ್ಯದಿಂದ ಇಟಾಲಿಯನ್‌ನಲ್ಲಿ ವಿವರಿಸುತ್ತಿದ್ದರು.

"ಗಮನವಿಟ್ಟು ಕೇಳಿ. ಗಡಿ ಹತ್ರ ಬಂತು. ಆಗ ಮುನ್ನಡೆ ಇಲ್ಲ. ಕಾವಲು ಮಾತ್ರ. ಮುನ್ನಡೆದ್ರೆ ಸೆರೆ. ಅರ್ಥ ಆಯ್ತಾ?"

"ಖಂಡಿತವಾಗಿಯೂ, ಮಾವನವರೇ," ಎಂದು ಇವಾನೊ ಜರ್ಮನ್‌ನಲ್ಲಿ ತಲೆಯಾಡಿಸಿದ.

ತಲೆಯಾಡಿಸಿದನಲ್ಲ, ಅರ್ಥವಾಗಿರಬೇಕು ಎಂದುಕೊಂಡು ನಾನು ಹಿಟ್ಟಿನ ಕಡೆ ಗಮನ ಕೊಟ್ಟೆ.

ಪಂದ್ಯದ ಮಧ್ಯಾಹ್ನ ಸಭಾಂಗಣದಲ್ಲಿ ಸುಟ್ಟ ಚೆಸ್ಟ್‌ನಟ್‌ಗಳ ವಾಸನೆ, ಹೊಸ ವೈನು, ಗದ್ದಲ. ನಾವು ಒಳಗೆ ಕಾಲಿಟ್ಟಂತೆ ಹತ್ತಿರದ ಮೇಜುಗಳು ಒಂದೊಂದಾಗಿ ಇಟಾಲಿಯನ್‌ಗೆ ಹೊರಳಿದವು. ಅಪ್ಪನೂ ಇವಾನೊನೂ ಶವಸಂಸ್ಕಾರಕ್ಕೆ ಬಂದವರಷ್ಟು ಸಭ್ಯರಾಗಿ ಕೂತು ಆಡಿದರು. "ದಯವಿಟ್ಟು ತಾವು ಮೊದಲು," ಎಂದು ಇವನು. "ಧನ್ಯವಾದ. ಎಲೆ ಹಾಜರು," ಎಂದು ಅವರು. ಪುಣ್ಯಕ್ಕೆ ಎಲೆ ಚೆನ್ನಾಗಿ ಬಿದ್ದವು. ಎಲೆ ಚೆನ್ನಾಗಿ ಬಿದ್ದರೆ ಮೂಗನೂ ಗೆಲ್ಲುತ್ತಾನೆ. ಒಂದೊಂದೇ ಜೋಡಿ ಮನೆಗೆ ಹೋಗಿ, ಕೊನೆಯ ಆಟಕ್ಕೆ ನಮ್ಮವರ ಎದುರು ಬೇಕರಿಯ ಅಣ್ಣತಮ್ಮಂದಿರು ಉಳಿದರು. ಹೆಗಲಿಗೆ ಪಟ್ಟಿ ಕಟ್ಟಿಕೊಂಡ ಇಗ್ನಾಟ್ಸ್ ಅಪ್ಪನ ಬೆನ್ನ ಹಿಂದೆಯೇ ಕೂತಿದ್ದ. ಅಗ್ನೆಸ್ ನನ್ನ ತೊಡೆಯ ಮೇಲಿದ್ದಳು, ಕಣ್ಣು ಹಂದಿ ತೊಡೆಯ ಮೇಲಿತ್ತು.

ವಾಟೆನ್‌ನಲ್ಲಿ ಕೈ ಚೆನ್ನಾಗಿದ್ದರೆ "ಮೂರು" ಎಂದು ಕೂಗಿ ಅಂಕ ಏರಿಸಬಹುದು. ಆದರೆ ಗೆಲುವಿಗೆ ತೀರ ಹತ್ತಿರ ಬಂದ ಜೋಡಿಯನ್ನು ಬಿಗಿಯಾಗಿ ಕೂತವರು ಎನ್ನುತ್ತೇವೆ. ಅವರು ಏರಿಸುವಂತಿಲ್ಲ. ಏರಿಸಿದರೆ ಆ ಕೈಯ ಮೂರೂ ಅಂಕ ಎದುರಾಳಿಗೆ. ಇದು ಕಣಿವೆಯ ಮಕ್ಕಳಿಗೆಲ್ಲ ಗೊತ್ತು. ನಮ್ಮವರು ಈಗ ಬಿಗಿಯಾಗಿ ಕೂತಿದ್ದರು. ಒಂದೇ ಒಂದು ಕೈ ಸುಮ್ಮನೆ ಆಡಿ ಗೆದ್ದಿದ್ದರೆ ಆಗಿತ್ತು. ಇವಾನೊ ಎಲೆಗಳನ್ನು ಎತ್ತಿ ನೋಡಿದ. ಅವನ ಕಿವಿ ಕೆಂಪಗಾದದ್ದು ನನಗೆ ಕಂಡಿತು. ಅಷ್ಟು ಒಳ್ಳೆಯ ಎಲೆ ಅವನಿಗೆ ಹಿಂದೆಂದೂ ಬಂದಿರಲಿಲ್ಲವೇನೋ. ಅವನು ಮೇಜು ಗುದ್ದಿದ.

"ಮೂರು."

ಬೇಕರಿಯ ಅಣ್ಣ ತಮ್ಮನ ಮುಖ ನೋಡಿದ. ಇಬ್ಬರೂ ಮೆಲ್ಲಗೆ ಎಲೆಗಳನ್ನು ಕೆಳಗಿಟ್ಟು ಹಂದಿ ತೊಡೆಯ ಕಡೆ ತಿರುಗಿದರು. ಆ ಮೂರು ಅಂಕ ಅವರಿಗೆ ಸಾಕಾಗಿತ್ತು.

ಅಪ್ಪ ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಬಿತ್ತು.

"ಯಾಕ್ಲಾ ಏರ್ಸ್‌ದೆ? ಯಾವನ್ಲಾ ನಿಂಗೆ ಏರ್ಸು ಅಂದೋನು? ಬಿಗಿಯಾಗ್ ಕುಂತಿದ್ವಿ, ಒಂದಾಟ ಸುಮ್ಕೆ ಆಡಿದ್ರೆ ತೊಡೆ ನಮ್ದು. ತಲೇಲೇನೈತ್ಲಾ ನಿಂಗೆ, ಹೊಟ್ಟಾ?"

ಅಚ್ಚ ಕಣಿವೆಯ ಮಾತು. ಇವಾನೊನೂ ಎದ್ದ. ಆ ಹೊತ್ತಿಗೆ ಫ್ರಾವ್ ಡಿರ್ಕ್ಸೆನ್ ಅವನ ತಲೆಯಿಂದ ಎಲ್ಲಿಗೆ ಹೋಗಿದ್ದರೋ, ಅವನ ಬಾಯಿಂದ ಬಂದದ್ದು ಅವನ ಕೇರಿಯ ಇಟಾಲಿಯನ್.

"ಏರಿಸ್ಬಾರ್ದು ಅಂತ ನಂಗ್ಯಾರು ಹೇಳಿದ್ರು?"

"ನಾನ್ ಹೇಳಿಲ್ವೇನ್ಲಾ? ವಲೆ ಮುಂದೆ ಕುಂದ್ರಿಸ್ಕೊಂಡು ಹೇಳ್ಲಿಲ್ವಾ?"

"ಗಡಿ, ಕಾವಲು, ಸೆರೆ ಅಂತ ಏನೋ ಅಂದ್ರಿ. ನೀವು ನಿಮ್ಮ ಮಿಲಿಟರಿ ಕಥೆ ಹೇಳ್ತಿದೀರಿ ಅಂದ್ಕೊಂಡೆ ನಾನು. ನಿಮ್ಮ ಇಟಾಲಿಯನ್ ನಂಗೆ ಎಂಟು ವರ್ಷದಿಂದ ಅರ್ಧಕ್ಕರ್ಧ ಅರ್ಥ ಆಗಿಲ್ಲ ಮಾವ."

ಮುಗಿಯಿತು, ಇನ್ನು ಕ್ರಿಸ್‌ಮಸ್ಸಿಗೂ ಇವರನ್ನು ಒಂದೇ ಮೇಜಿಗೆ ಕೂರಿಸಲಾಗದು ಎಂದುಕೊಂಡೆ.

"ಮತ್ತೆ ತಲೆ ಆಡ್ಸ್ತಿದ್ದಲ್ಲ," ಎಂದರು ಅಪ್ಪ.

"ಮರ್ಯಾದೆಗೆ ಆಡಿಸ್ತಿದ್ದೆ."

"ಓಹೋ. ನಿನ್ ಜರ್ಮನ್ನು ನಂಗೆ ಭಾಳ ಅರ್ಥ ಆಯ್ತಿತ್ತು ಅಂದ್ಕಂಡ್ಯಾ? ತೃಪ್ತಿಕರವಾಗಿ ಅಂತೆ, ನೆರವೇರಿತೇ ಅಂತೆ. ಹುಲ್ ಕುಯ್ದ್ರಾ ಅಂತ ಕೇಳಕ್ಕೆ ಪಾದ್ರಿ ಪ್ರಸಂಗ ಯಾಕ್ಲಾ?"

"ನೀವು ಆಡೋ ಥರ ಆಡಕ್ಕೆ ನಂಗೆ ಕಲಿಸಿದವರು ಯಾರು? ನಾನು ಬಾಗಿಲಿಗೆ ಬಂದ್ರೆ ಸಾಕು, ಎಲ್ಲ ನಿಲ್ಲಿಸಿಬಿಡ್ತೀರಿ. ಎಂಟು ವರ್ಷದಲ್ಲಿ ನನ್ನೆದುರಿಗೆ ಒಬ್ರಾದ್ರೂ ನಿಮ್ಮ ಮಾತು ಆಡಿದೀರಾ? ಈಗ ನನ್ನ ಮಗಳೂ ಅದನ್ನೇ ಕಲ್ತಿದಾಳೆ. ಅಪ್ಪ ಬಂದ, ಹೊರಳಿಸಿ ಅಂತಾಳೆ. ನಾನೇನು ಟಿಕೆಟ್ ಕೇಳಕ್ಕೆ ಬಂದ ಕಂಡಕ್ಟರಾ?"

ಕೊನೆಯ ಮಾತಿಗೆ ಅವನ ದನಿ ಒಡೆಯಿತು. ಆಗ ಹಿಂದಿನಿಂದ ಇಗ್ನಾಟ್ಸ್ ಚೆಸ್ಟ್‌ನಟ್ ಸುಲಿಯುವುದನ್ನು ಬಿಟ್ಟು ಕೇಳಿದ.

"ವಿಜಿಲಾ, ಒಂದ್ ಮಾತು. ನೀನು ನಮ್ ಮಾತಲ್ಲೇ ಬೋದೆ. ಅವ್ನು ಅವನ್ ಮಾತಲ್ಲಿ ಒಂದೂ ಬುಡ್ದೆ ತಿರ್ಗಿಸ್ ಕೊಟ್ಟ. ಮಧ್ಯಾಹ್ನದಿಂದ ನೀವಿಬ್ರೂ ಮಾತಾಡಿದ್ ಇದೇ ಮೊದ್ಲು ಕಣೋ."

ಯಾರೋ ನಕ್ಕರು. ಬೇಕರಿಯ ತಮ್ಮ ನಕ್ಕ, ಅವನಿಗೇನು, ತೊಡೆ ಗೆದ್ದಿದ್ದ. ಅಪ್ಪ ಬಿದ್ದ ಕುರ್ಚಿ ಎತ್ತಿ ನಿಲ್ಲಿಸಿ ಕೂತರು. ಮುಂದಿದ್ದ ವೈನಿನ ಲೋಟವನ್ನು ಇವಾನೊ ಕಡೆ ಸ್ವಲ್ಪ ನೂಕಿ, ಅವನ ಮುಖ ನೋಡದೆ ಹೇಳಿದರು:

"ಕುಂತ್ಕ. ಏನ್ ಎಲೆ ಇತ್ತು ತೋರ್ಸು."

ಇವಾನೊ ಕೂತು ಎಲೆ ಬಿಚ್ಚಿದ. ಅಪ್ಪ ನೋಡಿ ಹಣೆ ಹಣೆ ಚಚ್ಚಿಕೊಂಡರು. ಆಮೇಲೆ ಕತ್ತಲಾಗುವ ತನಕ ಆ ಒಂದು ಕೈಯನ್ನು ಹೇಗೆ ಆಡಬೇಕಿತ್ತು ಎಂದು ಇಬ್ಬರೂ ಕಿತ್ತಾಡಿದರು, ಅಪ್ಪ ಕಣಿವೆಯ ಮಾತಿನಲ್ಲಿ, ಇವಾನೊ ಇಟಾಲಿಯನ್‌ನಲ್ಲಿ. ಯಾರೂ ಯಾರ ಭಾಷೆಗೂ ಹೊರಳಲಿಲ್ಲ.

ಮುಂದಿನ ಭಾನುವಾರ ತವರಿನಲ್ಲಿ ಊಟಕ್ಕೆ ಕೂತಿದ್ದೆವು. ಅಮ್ಮ ಚುಕ್ಕೆ ಹಸುವಿನ ಕಥೆ ಹೇಳುತ್ತಿದ್ದಳು. ಅದರ ಕೆಚ್ಚಲು ಮತ್ತೆ ಬಾತುಕೊಂಡಿತ್ತು. ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು, ಇವಾನೊ ಬೂಟಿನ ಹಿಮ ಕೊಡವುತ್ತ ಒಳಗೆ ಬಂದ. ಅಗ್ನೆಸ್ ಬಾಯಿಗೆ ಬೆರಳಿಟ್ಟಳು.

"ಶ್. ಅಪ್ಪ ಬಂದ. ಹೊರಳಿಸಿ."

ಅಮ್ಮ ಅಭ್ಯಾಸಬಲದಿಂದ ನಿಲ್ಲಿಸಿಯೇಬಿಟ್ಟಳು. ಅಪ್ಪ ಬಟ್ಟಲಿನಿಂದ ತಲೆ ಎತ್ತಲಿಲ್ಲ.

"ಬಂದ್ರೆ ಬರ್ಲಿ ಬುಡು. ಅವ್ನೇನ್ ನೆಂಟನಾ? ನೀನ್ ಹಸೀನ್ ವಿಸ್ಯ ಹೇಳೇ."

ಅಗ್ನೆಸ್ ತಾತನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಬೆರಳು ತೆಗೆದು ಚಮಚ ಹಿಡಿದಳು. ಅಮ್ಮ ಬಿಟ್ಟಲ್ಲಿಂದ ಶುರು ಮಾಡಿದಳು. ಇವಾನೊ ಮೂಲೆಯಲ್ಲಿದ್ದ ಕುರ್ಚಿಯನ್ನು ತಾನೇ ಎಳೆದುಕೊಂಡು ಕೂತ, ಸಾರು ಬಡಿಸಿಕೊಂಡ. ಅಮ್ಮ ಉಸಿರು ತೆಗೆದುಕೊಳ್ಳಲು ನಿಂತಾಗ ತನ್ನ ಭಾಷೆಯಲ್ಲೇ ಕೇಳಿದ:

"ಆಮೇಲೆ? ಕೆಚ್ಚಲು ಇಳೀತಾ?"

ಕೆಚ್ಚಲಿಗೆ ಇಟಾಲಿಯನ್‌ನಲ್ಲಿ ಏನನ್ನುತ್ತಾರೆಂದು ಅಮ್ಮನಿಗೆ ಅವತ್ತು ತಿಳಿಯಿತು. ಅವಳು ಕಣಿವೆಯ ಮಾತಿನಲ್ಲೇ ಕಥೆಯ ಉಳಿದರ್ಧ ಹೇಳಿ ಮುಗಿಸಿದಳು. ನನ್ನ ಗಂಡ ಅದನ್ನು ಕೊನೆಯ ತನಕ ಕೇಳಿದ.